ಲಿಗೋರಿ ಡಾಕ್ಟರು ಖಾಲಿ ಬಿಟ್ಟ ಎರಡು ಪುಟ

ಕಾಪುವಿನಲ್ಲಿ ಆ ಕಾಲಕ್ಕೆ ಎರಡು ಬಗೆಯ ಮಿಕ್ಸ್ಚರ್ ಸಿಗುತ್ತಿತ್ತು. ರಸ್ತೆಯ ಪಡುಬದಿಗೆ ಕುಡಿಯುವ ಮಿಕ್ಸ್ಚರ್, ಮೂಡುಬದಿಗೆ ತಿನ್ನುವ ಮಿಕ್ಸ್ಚರ್. ಕುಡಿಯುವುದನ್ನು ಕೊಡುತ್ತಿದ್ದವರು ಡಾಕ್ಟರ್ ಲಿಗೋರಿ ಬರೆಟ್ಟೊ. ಗುಲಾಬಿ ಬಣ್ಣ, ಬಾಟಲಿಯ ಹೊಟ್ಟೆಗೆ ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿದ ಕಾಗದದ ಪಟ್ಟಿ, ಒಂದು ಹಲ್ಲಿಗೆ ಒಂದು ಹೊತ್ತು. ತಿನ್ನುವುದನ್ನು ಕೊಡುತ್ತಿದ್ದವನು ಹೋಟೆಲಿನ ಮುದ್ದಣ್ಣ. ಅದಕ್ಕೆ ಪಟ್ಟಿ ಇರಲಿಲ್ಲ, ಅವನ ಮುಷ್ಟಿಯೇ ಅಳತೆ. ಮೊದಲನೆಯದರ ಕಹಿ ಹೋಗಲು ಎರಡನೆಯದು ಬೇಕು, ಎರಡನೆಯದನ್ನು ಅತಿಯಾಗಿ ತಿಂದವರಿಗೆ ಮೊದಲನೆಯದು ಬೇಕು. ಹೀಗೆ ಇಪ್ಪತ್ತು ವರ್ಷ ಇಬ್ಬರೂ ಎದುರುಬದುರು ಕುಳಿತು ಊರನ್ನು ಸಾಕಿದ್ದರು.

ಲಿಗೋರಿಯವರು ಮದ್ರಾಸಿನಲ್ಲಿ ಓದಿ ಎಲ್.ಎಂ.ಪಿ. ಆದದ್ದು 1931ರಲ್ಲಿ. ಎಂ.ಬಿ.ಬಿ.ಎಸ್.ಗಿಂತ ಒಂದು ಮೆಟ್ಟಿಲು ಕೆಳಗಿನ ಪರವಾನಗಿ ಅದು. “ಎಲ್ಲರಿಗೂ ಮಿಕ್ಸ್ಚರ್ ಪ್ರಾಪ್ತಿ” ಎಂದು ಅವರೇ ಆ ಮೂರಕ್ಷರವನ್ನು ಬಿಡಿಸಿ ಹೇಳಿ ನಗುತ್ತಿದ್ದರು. ಪೆನಿಸಿಲಿನ್ ಎಂಬ ಹೆಸರನ್ನು ಅವರಿಗೆ ಯಾವ ಮೇಷ್ಟ್ರೂ ಕಲಿಸಿರಲಿಲ್ಲ. ಕಲಿಯುವಾಗ ಅದು ಇರಲೇ ಇಲ್ಲ. ಮದ್ದುಗಳು ಒಂದೊಂದಾಗಿ ಬಂದವು. ಮೆಡಿಕಲ್ ರೆಪ್ರೆಸೆಂಟೇಟಿವ್ ಹೇಳಿದಷ್ಟನ್ನು ಡಾಕ್ಟರು ನಂಬಿದರು, ಡಾಕ್ಟರು ಹೇಳಿದಷ್ಟನ್ನು ಊರು ನಂಬಿತು.

ನರಿ ಕೂಗುವ ಗುಡ್ಡ ಎನ್ನಿಸಿಕೊಂಡಿದ್ದ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಆದ ಮೇಲೆ ಸುತ್ತಲಿನ ಊರುಗಳ ಡಾಕ್ಟರುಗಳು ಒಂದು ಕೂಟ ಮಾಡಿಕೊಂಡರು. ತಿಂಗಳ ಮೊದಲನೆಯ ಭಾನುವಾರ ಮಧ್ಯಾಹ್ನ ಗುಡ್ಡದ ಮೇಲೆ ಯಾರಾದರೂ ಬಲ್ಲವರಿಂದ ಒಂದು ಪಾಠ, ಆಮೇಲೆ ಕಾಫಿ, ಗೋಳಿಬಜೆ. ಲಿಗೋರಿಯವರು 1958ರಿಂದ ಹೋಗತೊಡಗಿದರು. ಜ್ಞಾನದಾಹ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಿಜ ಹೇಳಬೇಕೆಂದರೆ ಗೋಳಿಬಜೆ ಅರ್ಧ ಕಾರಣ. ಭಾನುವಾರ ಮಧ್ಯಾಹ್ನ ಊಟಕ್ಕೆಂದು ಬಂದು ಸಂಜೆಯವರೆಗೆ ಏಳದ ಭಾವಂದಿರು ಇನ್ನರ್ಧ.

ಚರ್ಚಿನ ಪೂಜೆ ಮುಗಿಸಿ, ಊಟ ಮಾಡಿ, ಕೋಟು ಹಾಕಿ, ಇನ್ನೂರು ಪುಟದ ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಡಾಕ್ಟರು ಬಸ್ಸಿಗೆ ನಿಂತರೆ ಮುದ್ದಣ್ಣ ಹೋಟೆಲಿನ ಒಳಗಿನಿಂದಲೇ ಕೂಗುತ್ತಿದ್ದ:

“ಎಂತ ಡಾಕ್ಟ್ರೇ, ಇನ್ನೂ ಪಾಸಾಗ್ಲಿಲ್ವಾ?”

“ಇಲ್ಲ ಮಾರಾಯ, ಪುನಃ ಕೂತಿದ್ದೇನೆ.”

“ನನ್ನ ತಮ್ಮನೂ ಎಂಟನೇ ಕ್ಲಾಸಿನಲ್ಲಿ ನಾಲ್ಕು ಸಲ ಕೂತ. ಆಮೇಲೆ ಅಪ್ಪ ಎಬ್ಬಿಸಿ ಗದ್ದೆಗೆ ಕಳಿಸಿದ್ರು.”

ಬೆಂಚಿನಲ್ಲಿದ್ದವರೆಲ್ಲ ನಗುತ್ತಿದ್ದರು. ಡಾಕ್ಟರೂ ನಗುತ್ತಿದ್ದರು. ಈ ಸಂಭಾಷಣೆ ಪ್ರತಿ ತಿಂಗಳೂ ನಡೆಯುತ್ತಿತ್ತು. ಬಸ್ಸು ತಪ್ಪಿದರೂ ಇದು ತಪ್ಪುತ್ತಿರಲಿಲ್ಲ.

ಆ ನೋಟ್‌ಬುಕ್ಕಿಗೆ ಒಂದು ಶಿಸ್ತು ಇತ್ತು. ಒಂದು ಪಾಠಕ್ಕೆ ಎದುರುಬದುರಾಗಿ ಎರಡು ಪುಟ. ಯಾವುದಾದರೂ ಪಾಠ ತಪ್ಪಿದರೆ ತಲೆಬರಹ, ತಾರೀಕು ಮಾತ್ರ ಬರೆದು ಎರಡು ಪುಟ ಖಾಲಿ ಬಿಡುವುದು, ಹೋದವರಿಂದ ಕೇಳಿ ಆಮೇಲೆ ತುಂಬಿಸುವುದು. ಮೂರು ವರ್ಷದಲ್ಲಿ ಹಾಗೆ ಖಾಲಿ ಉಳಿದದ್ದು ಒಂದೇ ಪಾಠ. ಅದರ ಕಥೆಯೇ ಇದು.

1961ರ ಅಕ್ಟೋಬರಿನಲ್ಲಿ ಪಾಠ ಮಾಡಿದವಳು ಡುಲ್ಸಿನ್ ಎಂಬ ಕಾರ್ಕಳದ ಹುಡುಗಿ. ರೋಗಶಾಸ್ತ್ರ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. ನಾಲ್ಕು ವರ್ಷದವಳಿದ್ದಾಗ ಕಾಪುವಿನ ಅತ್ತೆಯ ಮನೆಗೆ ಬಂದು ನಾಯಿಕೆಮ್ಮಿನಿಂದ ಮಲಗಿದವಳನ್ನು ಲಿಗೋರಿಯವರೇ ಎಬ್ಬಿಸಿದ್ದರು. ಈಗ ಅವಳು ಹಲಗೆಯ ಮುಂದೆ, ಇವರು ಬೆಂಚಿನ ಮೇಲೆ. “ಅವತ್ತು ನಾನು ‘ಬಾಯಿ ತೆರೆ’ ಅಂದೆ, ಇವತ್ತು ಅವಳು ‘ಕಣ್ಣು ತೆರೆಯಿರಿ’ ಅಂತಾಳೆ” ಎಂದು ಡಾಕ್ಟರು ಪಕ್ಕದವರಿಗೆ ಪಿಸುಗುಟ್ಟಿದರಂತೆ.

ವಿಷಯ: ಕಾಮಾಲೆ, ಭಾಗ ಒಂದು. ಕಾಮಾಲೆ ಕುಡಿಯುವ ನೀರಿನಿಂದ ಹಬ್ಬುತ್ತದೆ, ದೆಹಲಿಯಲ್ಲಿ ಐದಾರು ವರ್ಷದ ಹಿಂದೆ ಸಾವಿರಾರು ಮಂದಿಗೆ ಹೀಗೇ ಬಂತು, ನಿಮ್ಮ ಊರಿನಲ್ಲಿ ನಾಲ್ಕಾರು ಮಂದಿಗೆ ಒಟ್ಟಿಗೆ ಬಂದರೆ ಮೂಲ ಹುಡುಕಿ, ಎಲ್ಲರೂ ಎಲ್ಲಿ ಕುಡಿದರು ಎಂದು ಕೇಳಿ. ಡಾಕ್ಟರು ಎರಡು ಪುಟ ತುಂಬ ಬರೆದುಕೊಂಡರು. ಭಾಗ ಎರಡು ನವೆಂಬರಿನಲ್ಲಿ.

ನವೆಂಬರಿನ ಆ ಭಾನುವಾರ ಅಜೆಕಾರಿನಲ್ಲಿ ಅವರ ತಂಗಿಯ ಮಗಳ ರೋಸ್. ಮದುವೆಯ ಮುಂಚಿನ ದಿನ ಹುಡುಗಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ ಅದು. ಸೋದರಮಾವ ಇಲ್ಲದಿದ್ದರೆ ಮದುಮಗಳ ಮುಖ ತೆಂಗಿನ ಹಾಲಿಗಿಂತ ಮೊದಲೇ ಹುಳಿಯಾಗುತ್ತದೆ. ಡಾಕ್ಟರು ಅಜೆಕಾರಿಗೆ ಹೋದರು. ನೋಟ್‌ಬುಕ್ಕಿನಲ್ಲಿ “ಕಾಮಾಲೆ, ಭಾಗ ಎರಡು” ಎಂದು ಬರೆದು ಎರಡು ಪುಟ ಬಿಟ್ಟರು. ಡುಲ್ಸಿನ್ ಅದರ ಮರುವಾರವೇ ನಾಲ್ಕು ತಿಂಗಳ ತರಬೇತಿಗೆಂದು ವೆಲ್ಲೂರಿಗೆ ಹೋದಳು. ಪಾಠಕ್ಕೆ ಹೋಗಿದ್ದ ಇತರರನ್ನು ಕೇಳಿದರೆ ಒಬ್ಬರಿಗೆ ನೆನಪಿಲ್ಲ, ಇನ್ನೊಬ್ಬರಿಗೆ ನಿದ್ದೆ ಬಂದಿತ್ತು, ಮತ್ತೊಬ್ಬರಿಗೆ ಗೋಳಿಬಜೆ ಚೆನ್ನಾಗಿದ್ದದ್ದು ನೆನಪಿತ್ತು.

ಕಾಮಾಲೆಗೆ ಮಾತ್ರ ಎಲ್ಲವೂ ನೆನಪಿತ್ತು. ನವೆಂಬರಿನ ಎರಡನೆಯ ವಾರವೇ ಅದು ಕಾಪುವಿಗೆ ಬಂತು.

ಮೊದಲು ಮೀನು ಮಾರುವ ವಾರಿಜಾ, ಆಮೇಲೆ ಒಬ್ಬ ಮೇಷ್ಟ್ರು, ಹೀಗೆ ಎರಡು ವಾರದೊಳಗೆ ಏಳು ಮಂದಿ. ಕಣ್ಣು ಹಳದಿ, ಉಗುರು ಹಳದಿ, ಊಟ ಕಂಡರೆ ವಾಕರಿಕೆ. ಮನೆಮನೆಯಲ್ಲಿ ನೆಲನೆಲ್ಲಿ ಅರೆದು ಮಜ್ಜಿಗೆಗೆ ಹಾಕಿದರು. ಹೂಮಾಲೆ ಹಾಕಿಸಿಕೊಳ್ಳುವ ವಯಸ್ಸಿನ ಒಬ್ಬಳ ಕೊರಳಿಗೆ ಕಾಮಾಲೆ ಬಿದ್ದು ಮದುವೆ ಮುಂದೆ ಹೋಯಿತು.

ಲಿಗೋರಿಯವರಿಗೆ ದುಃಖವೂ ಆಯಿತು. ಸುಳ್ಳು ಹೇಳಬಾರದು, ಸ್ವಲ್ಪ ಉತ್ಸಾಹವೂ ಆಯಿತು. ಕಲಿತದ್ದು ಇಷ್ಟು ಬೇಗ ಪ್ರಯೋಜನಕ್ಕೆ ಬರುವುದು ಯಾವ ವಿದ್ಯಾರ್ಥಿಯ ಪುಣ್ಯ! ನೋಟ್‌ಬುಕ್ ಹಿಡಿದು ಏಳೂ ಮನೆಗೆ ಹೋದರು. ಎಲ್ಲಿ ಕುಡಿದಿರಿ, ಎಂತ ಕುಡಿದಿರಿ? ಏಳಕ್ಕೆ ಏಳೂ ಒಂದೇ ಉತ್ತರ: ಮುದ್ದಣ್ಣನ ಹೋಟೆಲು.

ಮುದ್ದಣ್ಣನ ಹೋಟೆಲಿನ ಹಿಂದೆ ಒಂದು ಬಾವಿ ಇತ್ತು. ಡಾಕ್ಟರು ಪಂಚಾಯತಿಗೆ ತಿಳಿಸಿದರು. ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿದರು. “ಈ ಬಾವಿಯ ನೀರು ಕುಡಿಯಬಾರದು” ಎಂದು ಡಾಕ್ಟರೇ ಕೈಯಾರೆ ಹಲಗೆ ಬರೆದು ಕಟ್ಟಿದರು. ಅವರ ಅಕ್ಷರ ಊರಿನವರಿಗೆಲ್ಲ ಓದಲು ಬಂದದ್ದು ಜೀವಮಾನದಲ್ಲಿ ಅದೊಂದೇ ಸಲ.

ಮುದ್ದಣ್ಣ ರಸ್ತೆ ದಾಟಿ ಬಂದ. ಅವನು ಡಾಕ್ಟರ ಮೆಟ್ಟಿಲು ಹತ್ತಿದ್ದು ಅಪರೂಪ. ಅವನ ಆರೋಗ್ಯ ಅಷ್ಟು ಗಟ್ಟಿ.

“ಡಾಕ್ಟ್ರೇ, ನಾನು ಹುಟ್ಟಿದಾರಭ್ಯ ಆ ನೀರು ಕುಡಿದದ್ದು. ಗುಣವತಿ ಮದುವೆಯಾಗಿ ಬಂದ ಮೇಲೆ ಅದನ್ನೇ ಕುಡಿಯುವುದು. ನಮಗಿಬ್ಬರಿಗೆ ಎಂತಕ್ಕೆ ಬರ್ಲಿಲ್ಲ?”

“ನಿಮಗೆ ಅಭ್ಯಾಸ ಆಗಿದೆ ಮುದ್ದಣ್ಣ. ಮೈಗೆ ಒಗ್ಗಿ ಹೋಗಿದೆ.”

“ಹಾಗಾದ್ರೆ ದಿನಾ ಬಂದು ಚಾ ಕುಡಿಯುವ ಬಸ್ಸಿನವರಿಗೆ?”

“ಬರಬಹುದು. ಕಾದು ನೋಡುವ.”

ಮುದ್ದಣ್ಣ ಇಳಿದು ಹೋದ. ಹೋಟೆಲಿನ ಬೆಂಚುಗಳು ಖಾಲಿಯಾದವು. ಡಾಕ್ಟರು ಡಿಸೆಂಬರಿನ ಕೂಟದಲ್ಲಿ ಎದ್ದು ನಿಂತು ಬಾವಿ ಹಿಡಿದ ಕಥೆ ಹೇಳಿದರು, ಚಪ್ಪಾಳೆ ಬಿತ್ತು. ಆ ತಿಂಗಳು ಬಸ್ಸಿಗೆ ನಿಂತಾಗ ಎದುರಿನಿಂದ ಯಾರೂ “ಪಾಸಾಗ್ಲಿಲ್ವಾ” ಎಂದು ಕೇಳಲಿಲ್ಲ. ಜನವರಿಯಲ್ಲೂ ಕೇಳಲಿಲ್ಲ. ಫೆಬ್ರವರಿಗೆ ಸುದ್ದಿ ಬಂತು: ಮುದ್ದಣ್ಣ ಹೋಟೆಲು ಬಿಟ್ಟು ಪಡುಬಿದ್ರಿಗೆ ಹೋಗುತ್ತಾನೆ, ಅಲ್ಲಿ ದಾಯಾದಿಯೊಬ್ಬನ ಹೋಟೆಲಿನಲ್ಲಿ ಒಲೆ ನೋಡಿಕೊಳ್ಳುತ್ತಾನೆ. ಇಪ್ಪತ್ತು ವರ್ಷ ಯಜಮಾನನಾಗಿದ್ದವನು.

ಏಳು ಮಂದಿಯೂ ಅಷ್ಟರಲ್ಲಿ ಎದ್ದು ಓಡಾಡತೊಡಗಿದ್ದರು. ಮಲಗಿದ್ದು ಹೋಟೆಲು ಒಂದೇ.

1962ರ ಮಾರ್ಚ್ ನಾಲ್ಕು, ಮೊದಲನೆಯ ಭಾನುವಾರ. ಡುಲ್ಸಿನ್ ವೆಲ್ಲೂರಿನಿಂದ ಬಂದಿದ್ದಳು. ಪಾಠ ಮುಗಿದ ಕೂಡಲೇ ಡಾಕ್ಟರು ಆ ಎರಡು ಖಾಲಿ ಪುಟ ತೆರೆದು ಅವಳ ಮುಂದೆ ಹಿಡಿದರು.

“ಇದೆಂತ, ಡಾಕ್ಟರ್ ಮಾಮಾ? ನಾಲ್ಕು ತಿಂಗಳಿಂದ ಹೀಗೇ ಬಿಟ್ಟಿದ್ದೀರಾ?”

“ಖಾಲಿ ಪುಟ ಕಂಡರೆ ನನಗೆ ಊಟ ಸೇರುವುದಿಲ್ಲ, ಮಗಾ. ತಂಗಿಯ ಮಗಳ ರೋಸ್ ಇತ್ತು.”

ಅವಳು ನಗುತ್ತಾ ತನ್ನ ಟಿಪ್ಪಣಿಯ ಹಾಳೆಗಳನ್ನೇ ಕೊಟ್ಟಳು. ಡಾಕ್ಟರು ಅಲ್ಲೇ ಬೆಂಚಿನಲ್ಲಿ ಕುಳಿತು ನಕಲು ಮಾಡತೊಡಗಿದರು. ಪಕ್ಕದಲ್ಲಿ ಕಾಫಿ, ತಟ್ಟೆಯಲ್ಲಿ ನಾಲ್ಕು ಗೋಳಿಬಜೆ. ಕಾಮಾಲೆಯಲ್ಲಿ ಎರಡು ಜಾತಿ ಉಂಟು. ನೀರಿನಿಂದ ಬರುವುದು ಹೆಚ್ಚೆಂದರೆ ಒಂದೂವರೆ ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ಇನ್ನೊಂದು ರಕ್ತದಿಂದ ರಕ್ತಕ್ಕೆ ಹೋಗುವುದು. ಎರಡರಿಂದ ಐದು ತಿಂಗಳು ಮೈಯೊಳಗೆ ಸುಮ್ಮನೆ ಕುಳಿತಿದ್ದು ಆಮೇಲೆ ಏಳುತ್ತದೆ. ಇದು ಹಬ್ಬುವ ಒಂದು ದಾರಿ ಇಂಜೆಕ್ಷನ್. ಸೂಜಿ ಬದಲಿಸಿದರೆ ಸಾಲದು. ಚುಚ್ಚಿ ತೆಗೆಯುವಾಗ ಕಣ್ಣಿಗೆ ಕಾಣದಷ್ಟು ರಕ್ತ ಸಿರಿಂಜಿನೊಳಕ್ಕೆ ಬರಬಹುದು. ಒಬ್ಬೊಬ್ಬರಿಗೂ ಕುದಿಸಿದ ಬೇರೆ ಸಿರಿಂಜು.

ಪೆನ್ನು ಅಲ್ಲಿ ನಿಂತಿತು. ಗೋಳಿಬಜೆ ನಾಲ್ಕಕ್ಕೆ ನಾಲ್ಕೂ ತಟ್ಟೆಯಲ್ಲೇ ಉಳಿಯಿತು. ನಾಲ್ಕು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಇಲ್ಲಿ ಸೋಣ ತಿಂಗಳ, ಅಂದರೆ ಆಗಸ್ಟ್ ನಡುವಿನಿಂದ ಶುರುವಾಗುವ ತುಳು ತಿಂಗಳ, ವಿಚಾರ ಸ್ವಲ್ಪ ಹೇಳಬೇಕು. ಅದರ ಹಿಂದಿನ ಆಟಿ ತಿಂಗಳ ಮಳೆ, ಆಟಿಯ ಅರೆಹೊಟ್ಟೆ ಮುಗಿದು ಸೋಣ ಬಂದಾಗ ಕಾಪುವಿನವರಿಗೆ ಮೈಯಲ್ಲಿ ತಾಕತ್ತಿಲ್ಲ ಎನ್ನಿಸುತ್ತಿತ್ತು. ಸೂಜಿ ಎಂದರೆ ಸೋಜಿಗಪಡುವ ಕಾಲ. ಲಿವರಿನ ಸತ್ವದ ಇಂಜೆಕ್ಷನ್ ಒಂದು ಚುಚ್ಚಿಸಿಕೊಂಡರೆ ದೀಪಾವಳಿಯವರೆಗೆ ಓಡಬಹುದು ಎಂದು ನಂಬಿಕೆ. ಸೋಣದ ಶನಿವಾರಗಳಂದು ಕ್ಲಿನಿಕ್ಕಿನ ಬೆಂಚಿನಲ್ಲಿ ಇಪ್ಪತ್ತು ಮಂದಿ ಸಾಲಾಗಿ ಕೂರುತ್ತಿದ್ದರು. ಕಂಪೌಂಡರ್ ಭುಜಂಗ ಬೆಳಿಗ್ಗೆ ಗಾಜಿನ ದೊಡ್ಡ ಸಿರಿಂಜನ್ನೂ ಸೂಜಿಗಳನ್ನೂ ಒಮ್ಮೆ ಕುದಿಸಿ ಇಡುತ್ತಿದ್ದ. ಡಾಕ್ಟರು ಸಿರಿಂಜು ತುಂಬಿ ಐದು ಮಂದಿಗೆ ಹಂಚಿ, ಪುನಃ ತುಂಬಿ ಮುಂದಿನ ಐದು ಮಂದಿಗೆ. ಪ್ರತಿಯೊಬ್ಬರಿಗೂ ಸೂಜಿ ಮಾತ್ರ ಬೇರೆ. ಸೂಜಿಯನ್ನೂ ಬದಲಿಸದವರು ಇದ್ದ ಕಾಲದಲ್ಲಿ ಅದು ಅವರ ಹೆಮ್ಮೆ. ಚುಚ್ಚಿಸಿಕೊಂಡವರಿಗೆ ಭುಜಂಗ ಹೇಳುತ್ತಿದ್ದ: “ತಲೆ ತಿರುಗೀತು, ಎದುರು ಹೋಗಿ ಬಿಸಿ ಕಾಫಿ ಕುಡೀರಿ.”

ಎದುರು ಎಂದರೆ ಮುದ್ದಣ್ಣನ ಹೋಟೆಲು.

ಸೋಮವಾರ ಬೆಳಿಗ್ಗೆ ಡಾಕ್ಟರು ವಾರಿಜಾಳ ಮೀನಿನ ಬುಟ್ಟಿಯ ಮುಂದೆ ನಿಂತರು.

“ವಾರಿಜಾ, ಸೋಣದಲ್ಲಿ ತಾಕತ್ತಿನ ಇಂಜೆಕ್ಷನ್ ತಗೊಂಡೆಯಲ್ಲ, ಅವತ್ತು ಬೆಂಚಿನಲ್ಲಿ ನಿನ್ನ ಪಕ್ಕ ಯಾರು ಕೂತಿದ್ದರು?”

“ಅದೆಂತಕ್ಕೆ ಡಾಕ್ಟ್ರೇ, ಸಂಬಂಧ ಮಾಡ್ಲಿಕ್ಕಾ? ನನಗೆ ಗಂಡ ಇದ್ದಾರೆ.”

“ತಮಾಷೆ ಅಲ್ಲ, ನೆನಪು ಮಾಡು.”

“ಬೊಂಬಾಯಿಯ ರೊಸಾರಿಯೊ ಪೊರ್ಬು. ಅವರೇ ಫಸ್ಟು, ನಾನು ಸೆಕೆಂಡು. ಬೊಂಬಾಯಿಯಲ್ಲಿ ಕಾಮಾಲೆ ಆಗಿ ಎದ್ದು ಬಂದದ್ದು, ಕಾಲಿನಲ್ಲಿ ಶಕ್ತಿಯೇ ಇಲ್ಲ ಅಂತ ಹೇಳ್ತಾ ಇದ್ರು. ಪಾಪ, ಒಳ್ಳೇ ಮನುಷ್ಯ.”

ಉಳಿದ ಆರು ಮನೆಗೂ ಹೋದರು. ಏಳು ಮಂದಿಯೂ ಆ ಒಂದೇ ಶನಿವಾರ ಬೆಂಚಿನಲ್ಲಿದ್ದವರು. ಇಂಜೆಕ್ಷನ್ ಇಲ್ಲದೆ ಬರೀ ಕಾಫಿ ಕುಡಿದ ಒಬ್ಬನಿಗೂ ಕಾಮಾಲೆ ಬಂದಿರಲಿಲ್ಲ. ಸೋಣದಿಂದ ನವೆಂಬರಿಗೆ ಮೂರು ತಿಂಗಳು.

ಭುಜಂಗನಿಗೆ ಹೇಳಿದಾಗ ಅವನು ಮೊದಲು ಬಾಗಿಲು ಹಾಕಿದ.

“ಡಾಕ್ಟ್ರೇ, ಇದು ನಿಮಗೆ ಗೊತ್ತು, ನನಗೆ ಗೊತ್ತು. ಸಾಕಲ್ಲ? ಎಲ್ಲರಿಗೂ ಗುಣ ಆಗಿದೆ. ಮುದ್ದಣ್ಣನೂ ನಾಳೆ ನಾಡಿದ್ದು ಪಡುಬಿದ್ರಿಗೆ ಹೋಗ್ತಾನೆ. ನೀವು ಬೇಕೂಂತ ಮಾಡಿದ್ದಾ?”

“ಇಲ್ಲ.”

“ನಿಮಗೆ ಗೊತ್ತಿತ್ತಾ?”

“ಗೊತ್ತಿರಲಿಲ್ಲ. ಗೊತ್ತಾಗುವ ದಿನ ನಾನು ತೆಂಗಿನ ಹಾಲು ಹಚ್ಚುತ್ತಿದ್ದೆ.”

“ಮತ್ತೆ? ಹೇಳಿದರೆ ನಾಳೆಯಿಂದ ನಮ್ಮ ಬೆಂಚು ಖಾಲಿ, ನೋಡಿ.”

ಕಾಪುವಿನ ಮಕ್ಕಳಾದ ನಮಗೆ ಕಾನ್ವೆಂಟಿನಲ್ಲಿ ಸಿಸ್ಟರ್ ಸೆಲೀನ್ ಪಾಪಗಳ ಪಾಠ ಮಾಡುತ್ತಿದ್ದರು. ಮಾಡಿದ ಪಾಪ ಒಂದು, ಮಾಡಬೇಕಾದ್ದನ್ನು ಮಾಡದೆ ಬಿಟ್ಟ ಪಾಪ ಇನ್ನೊಂದು. ತಿಳಿಯದೆ ಮಾಡಿದ್ದು ಪಾಪವೇ ಅಲ್ಲ. ಲಿಗೋರಿಯವರಿಗೆ ಭುಜಂಗ ತೋರಿಸಿದ್ದು ಆ ಮೂರನೆಯ ಬಾಗಿಲು. ಭಾನುವಾರದವರೆಗೆ ಅದು ತೆರೆದೇ ಇತ್ತು. ಸೋಮವಾರಕ್ಕೆ ಅವರಿಗೆ ತಿಳಿದುಹೋಗಿತ್ತು.

ಮಂಗಳವಾರ ಡಾಕ್ಟರು ರಸ್ತೆ ದಾಟಿದರು. ಒಲೆ ತಣ್ಣಗಿತ್ತು. ಗುಣವತಿ ತಪ್ಪಲೆ, ಸೌಟುಗಳನ್ನು ಗೋಣಿಗೆ ತುಂಬಿಸುತ್ತಿದ್ದಳು. ಮುದ್ದಣ್ಣ ತಲೆಯೆತ್ತಿ ನೋಡಿದ.

“ಎಂತ ಡಾಕ್ಟ್ರೇ, ಇನ್ನೂ ಎಂತದಾದ್ರೂ ಮುಚ್ಲಿಕ್ಕೆ ಉಂಟಾ?”

ಡಾಕ್ಟರು ಬೆಂಚಿನಲ್ಲಿ ಕುಳಿತು ಎಲ್ಲವನ್ನೂ ಹೇಳಿದರು. ರೊಸಾರಿಯೊ, ಸಿರಿಂಜು, ಬೆಂಚಿನ ಸಾಲು, ಬಿಸಿ ಕಾಫಿ, ಎರಡು ಖಾಲಿ ಪುಟ. ಮೊದಲು ಮಾತಾಡಿದವಳು ಗುಣವತಿ.

“ಮೂರು ತಿಂಗಳಾಯ್ತು ಡಾಕ್ಟ್ರೇ. ನಾನು ಆ ಬಾವಿಯ ಹಗ್ಗ ಮುಟ್ಟುವಾಗೆಲ್ಲ ಕೈ ಮೂಸಿ ನೋಡ್ತಾ ಇದ್ದೆ. ನಮ್ಮ ಕೈಯಿಂದ ಎಂತ ತಪ್ಪಾಯ್ತು ಅಂತ.”

“ನಾನು ಅವತ್ತೇ ಕೇಳ್ಲಿಲ್ವಾ, ನಮಗಿಬ್ಬರಿಗೆ ಎಂತಕ್ಕೆ ಬರ್ಲಿಲ್ಲ ಅಂತ?” ಎಂದ ಮುದ್ದಣ್ಣ.

“ಕೇಳಿದ್ದಿ. ಡಾಕ್ಟರ್ ಕೇಳಬೇಕಾದ ಪ್ರಶ್ನೆ ನೀನು ಕೇಳಿದೆ. ಹೋಟೆಲಿನವನು ಕೊಡಬೇಕಾದ ಉತ್ತರ ನಾನು ಕೊಟ್ಟೆ.”

ಮುದ್ದಣ್ಣ ನಗಲಿಲ್ಲ. “ಇದನ್ನು ಇಲ್ಲಿ ಬಂದು ನನಗೆ ಹೇಳಿದರೆ ಎಂತ ಪ್ರಯೋಜನ? ನನ್ನ ಬಾವಿ ಚಂದ ಉಂಟು ಅಂತ ನನಗೆ ಗೊತ್ತುಂಟು. ಊರಿಗೆ ಹೇಳಿ.”

ಮರುದಿನ ಬೂದಿ ಬುಧವಾರ. ಈಸ್ಟರಿನವರೆಗಿನ ತಪಸ್ಸುಕಾಲ ಆರಂಭವಾಗುವ ದಿನ. ಬೆಳಗಿನ ಪೂಜೆಯಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಡಾಕ್ಟರು ಮನೆಗೂ ಹೋಗದೆ ನೇರ ಹೋಟೆಲಿನ ಹಿಂದಕ್ಕೆ ಹೋಗಿ ತಾವು ಕಟ್ಟಿದ ಹಲಗೆಯನ್ನು ತಾವೇ ಬಿಚ್ಚಿದರು. ಮದ್ದಿಗೆ ಬಂದಿದ್ದವರನ್ನೆಲ್ಲ ರಸ್ತೆ ದಾಟಿಸಿ ಕರೆದು, ಹೋಟೆಲ್ ಮುಂದೆ ನಿಂತು ಹೇಳಿದರು: ಕಾಮಾಲೆ ಬಂದದ್ದು ಮುದ್ದಣ್ಣನ ನೀರಿನಿಂದ ಅಲ್ಲ, ನನ್ನ ಸಿರಿಂಜಿನಿಂದ.

ಜನ ಒಬ್ಬರ ಮುಖ ಒಬ್ಬರು ನೋಡಿದರು. ವಾರಿಜಾ ಬುಟ್ಟಿ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನೋಡಿ ಮಾರಾಯ್ರೇ, ಎಂಥ ದೊಡ್ಡ ಮನಸ್ಸು! ಮುದ್ದಣ್ಣನನ್ನು ಉಳಿಸ್ಲಿಕ್ಕೆ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕ್ಕೊಂಡ್ರು.”

“ವಾರಿಜಾ, ನಾನು ನಿಜ ಹೇಳುತ್ತಿದ್ದೇನೆ.”

“ನೀವು ಹಾಗೇ ಹೇಳ್ತೀರಿ, ನಮಗೆ ಗೊತ್ತಿಲ್ವಾ?”

ಡಿಸೆಂಬರಿನಲ್ಲಿ ತಪ್ಪು ಹೇಳಿದಾಗ ಒಬ್ಬರೂ ಸಾಕ್ಷಿ ಕೇಳಿರಲಿಲ್ಲ. ಮಾರ್ಚಿನಲ್ಲಿ ಸರಿ ಹೇಳಿದರೆ ಊರೇ ಕೋರ್ಟಾಯಿತು, ಅದೂ ಆರೋಪಿಯನ್ನು ಬಿಡುಗಡೆ ಮಾಡಲು ಹಟ ಹಿಡಿದ ಕೋರ್ಟು. ಡಾಕ್ಟರು ಒಳಗೆ ನೋಡಿ ಕೂಗಿದರು:

“ಗುಣವತೀ, ಒಂದು ಲೋಟ ನೀರು ಕೊಡು. ಕುದಿಸಿದ್ದಲ್ಲ, ಬಾವಿಯದ್ದು.”

ಎಲ್ಲರ ಎದುರು ಗಟಗಟ ಕುಡಿದರು. “ನಾಳೆ ಹತ್ತು ಗಂಟೆಗೆ ಪುನಃ ಕುಡಿಯುತ್ತೇನೆ. ಈಸ್ಟರಿನವರೆಗೆ ದಿನಾ ಕುಡಿಯುತ್ತೇನೆ. ನನ್ನ ಕಣ್ಣು ಹಳದಿಯಾದರೆ ಈ ಬಾವಿಯನ್ನು ಮುಚ್ಚಿ. ಆಗದಿದ್ದರೆ ನಾನು ಹೇಳಿದ್ದನ್ನು ನಂಬಿ.”

ಮನೆಯಲ್ಲಿ ಅವರ ಹೆಂಡತಿ ಮ್ಯಾಗ್ಡಲಿನ್ ಬಾಯಿಯವರಿಗೆ ಸುದ್ದಿ ಗಂಡನಿಗಿಂತ ಮೊದಲೇ ಮುಟ್ಟಿತ್ತು. ಗಂಡನ ಹೆಸರು ಹೇಳದ ಕಾಲದವರು, “ಕೇಳಿತಾ?” ಎಂದೇ ಮಾತು ಶುರು.

“ಕೇಳಿತಾ? ತಪಸ್ಸುಕಾಲಕ್ಕೆ ಎಲ್ಲರೂ ಮೀನು ಬಿಡುತ್ತಾರೆ, ಮಾಂಸ ಬಿಡುತ್ತಾರೆ. ನೀವು ಬುದ್ಧಿ ಬಿಟ್ಟದ್ದಾ?”

“ಬಾವಿ ಚೆನ್ನಾಗಿದೆ, ಮ್ಯಾಗಿ.”

“ಆ ಬಾವಿಗೆ ಪೌಡರ್ ಹಾಕಿ ತೊಳೆಸಿದ್ದು ನೀವೇ ಅಲ್ಲವಾ? ತೊಳೆದ ಬಾವಿಯ ನೀರು ಕುಡಿದರೆ ಎಂತ ಸಾಬೀತಾಗುತ್ತದೆ?”

ಡಾಕ್ಟರು ಬೆಚ್ಚಿದರು. ಕಾಪುವಿನಲ್ಲಿ ಆ ದಿನ ತಾವು, ಮುದ್ದಣ್ಣ ಬಿಟ್ಟರೆ ವಿಜ್ಞಾನ ತಿಳಿದಿದ್ದ ಮೂರನೆಯ ವ್ಯಕ್ತಿ ತಮ್ಮ ಅಡುಗೆಮನೆಯಲ್ಲಿದ್ದಾರೆ ಎಂದು ಅವರಿಗೆ ಗೊತ್ತಿರಲಿಲ್ಲ. “ನಿಜ, ಏನೂ ಸಾಬೀತಾಗುವುದಿಲ್ಲ. ಆದರೆ ಮುದ್ದಣ್ಣನ ಹೋಟೆಲಿನಲ್ಲಿ ದಿನಕ್ಕೊಬ್ಬ ಗಿರಾಕಿಯಾದರೂ ಆಗುತ್ತಾನಲ್ಲ” ಎಂದರು.

ಪ್ರಯೋಗ ಎಂದು ನೋಡಿದರೆ ಅದಕ್ಕೆ ಸೊನ್ನೆ ಅಂಕ. ನಾಟಕ ಎಂದು ನೋಡಿದರೆ ದಿನವೂ ಹೌಸ್‌ಫುಲ್. ಹತ್ತು ಗಂಟೆಗೆ ಡಾಕ್ಟರು ನೀರು ಕುಡಿಯುವುದನ್ನು ನೋಡಲೆಂದೇ ಜನ ಸೇರತೊಡಗಿದರು. ಸೇರಿದವರು ಸುಮ್ಮನೆ ನಿಲ್ಲುವುದು ಹೇಗೆ? ಮೊದಲ ವಾರ ಬೀಡಿ, ಎರಡನೆಯ ವಾರ ಒಂದು ಚಾ, ಅದೂ “ಚೆನ್ನಾಗಿ ಕುದಿಸು ಮುದ್ದಣ್ಣ” ಎಂಬ ಷರತ್ತಿನೊಂದಿಗೆ. ಡಾಕ್ಟರು ಲೋಟ ಇಳಿಸುವ ಮೊದಲು ಎಲ್ಲರೂ ಬಗ್ಗಿ ಅವರ ಕಣ್ಣು ನೋಡುತ್ತಿದ್ದರು. ಮೂವತ್ತು ವರ್ಷ ಊರಿನ ಕಣ್ಣೆವೆ ಎಳೆದು ನೋಡಿದವರ ಕಣ್ಣೆವೆಯನ್ನು ಊರು ಎಳೆದು ನೋಡಿತು.

ಗುಣವತಿಯ ಗೋಣಿ ಮಾತ್ರ ಗೋಡೆಗೆ ಒರಗಿ ಹಾಗೇ ನಿಂತಿತ್ತು. ಅದರಿಂದ ಬೇಕಾದ ಪಾತ್ರೆಯನ್ನು ದಿನ ತೆಗೆದು, ಸಂಜೆ ತೊಳೆದು, ಪುನಃ ಗೋಣಿಗೇ ಹಾಕುತ್ತಿದ್ದಳು. ಪಡುಬಿದ್ರಿಗೆ ಹೋಗುವುದಿಲ್ಲ ಎಂದು ಮುದ್ದಣ್ಣ ಹೇಳಿರಲಿಲ್ಲ. ಡಾಕ್ಟರೂ ಕೇಳುವ ಧೈರ್ಯ ಮಾಡಲಿಲ್ಲ.

ಇತ್ತ ಕ್ಲಿನಿಕ್ಕಿನಲ್ಲಿ ಭುಜಂಗ ಹೇಳಿದ ಭವಿಷ್ಯ ಅರ್ಧ ನಿಜವಾಯಿತು. ನಂಬಿದ ಕೆಲವರು ಹೆದರಿ ಬರಲಿಲ್ಲ. ನಂಬದ ಹಲವರು ಬಂದು ಬೈದರು. ಏಕೆಂದರೆ ಡಾಕ್ಟರು ಎಂಟು ಹೊಸ ಸಿರಿಂಜು ತರಿಸಿ ಒಬ್ಬೊಬ್ಬರಿಗೂ ಬೇರೆಯಾಗಿ ಕುದಿಸತೊಡಗಿದ್ದರು. ನೀರು ಕುದಿಬಂದ ಮೇಲೆ ಇಪ್ಪತ್ತು ನಿಮಿಷ, ಗಡಿಯಾರ ನೋಡಿ. ತಾಕತ್ತಿಗೆ ಇಂಜೆಕ್ಷನ್ ಕೊಡುವುದನ್ನೇ ನಿಲ್ಲಿಸಿ “ಬೂತಾಯಿ ಮೀನು ತಿನ್ನು, ಹುರುಳಿ ಸಾರು ಕುಡಿ” ಎಂದು ಕಳಿಸುತ್ತಿದ್ದರು. ಮೊದಲು ಬರೀ ಸಿರಿಂಜಿನ ವಿಚಾರಕ್ಕೆ ಅವರ ಮನಸ್ಸು ಕುದಿದಿತ್ತು. ಈಗ ಸಿರಿಂಜೇ ಕುದಿಯತೊಡಗಿ ಮನಸ್ಸು ತಣ್ಣಗಾಯಿತು. ಕುದಿಯುವಷ್ಟು ಹೊತ್ತು ಕಾಯುವವರು ಎಲ್ಲಿಗೆ ಹೋಗಬೇಕು? ರಸ್ತೆ ದಾಟಿದರು. “ಒಂದು ಸಿರಿಂಜಿನ ಹೊತ್ತು” ಎಂದರೆ ಎರಡು ಬನ್ಸು, ಒಂದು ಕಾಫಿ, ಅರ್ಧ ರಾಜಕೀಯ ಎಂದು ಕಾಪುವಿನಲ್ಲಿ ಲೆಕ್ಕವಾಯಿತು. ನಾನು ದೊಡ್ಡವಳಾದ ಮೇಲೂ ಅಲ್ಲಿ “ಬಸ್ಸು ಬರ್ಲಿಕ್ಕೆ ಒಂದು ಸಿರಿಂಜು ಹೊತ್ತುಂಟು” ಎಂದವರನ್ನು ಕೇಳಿದ್ದೇನೆ.

ತಪಸ್ಸುಕಾಲಕ್ಕೆ ನಲವತ್ತು ದಿನ. ಚರ್ಚು ಅದರಲ್ಲಿ ಭಾನುವಾರಗಳನ್ನು ಎಣಿಸುವುದಿಲ್ಲ. ಡಾಕ್ಟರು ಎಣಿಸಿದರು. ಒಟ್ಟು ನಲವತ್ತಾರು ಲೋಟ ನೀರು. ಈಸ್ಟರಿನ ಮರುದಿನ ಅವರ ಕಣ್ಣು ಉಪ್ಪಿನಂತೆ ಬೆಳ್ಳಗಿತ್ತು. ಆ ಬೆಳಿಗ್ಗೆ ಹೋಟೆಲಿಗೆ ಹೋದಾಗ ಗೋಡೆಯ ಹತ್ತಿರ ಗೋಣಿ ಇರಲಿಲ್ಲ. ಅದನ್ನು ಮಡಚಿ ಬಾಗಿಲ ಮುಂದೆ ಕಾಲೊರೆಸಲು ಹಾಸಿದ್ದರು. ಡಾಕ್ಟರು ಅದರ ಮೇಲೆ ಕಾಲನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು.

ಆದರೂ ಮುದ್ದಣ್ಣ ಡಾಕ್ಟರೊಂದಿಗೆ ಮೊದಲಿನ ಹಾಗೆ ಆಗಿರಲಿಲ್ಲ. ನೀರು ಕೊಡುತ್ತಿದ್ದ, ಚಾ ಕೊಡುತ್ತಿದ್ದ, ಮಾತು ಕೊಡುತ್ತಿರಲಿಲ್ಲ.

ಮಣಿಪಾಲದಲ್ಲಿ ಒಂದು ಬಾಕಿ ಇತ್ತು. ಡಿಸೆಂಬರಿನಲ್ಲಿ ಬಿದ್ದ ಚಪ್ಪಾಳೆಯನ್ನು ಹಿಂತಿರುಗಿಸಬೇಕಿತ್ತು. ಡಾಕ್ಟರು ಹೆಸರು ಕೊಟ್ಟರು; ಮೇ ತಿಂಗಳ ಮೊದಲ ಭಾನುವಾರ ಸಿಕ್ಕಿತು. ನಲವತ್ತು ಡಾಕ್ಟರುಗಳ ಎದುರು ಈ ಎಲ್.ಎಂ.ಪಿ. ಎದ್ದು ನಿಂತು ನೋಟ್‌ಬುಕ್ಕಿನ ಆ ಎರಡು ಪುಟ ಓದಿದರು. ಆಮೇಲೆ ಬೆಂಚಿನ ಸಾಲಿನ ಚಿತ್ರ ಬರೆದು ರೊಸಾರಿಯೊ ಎಲ್ಲಿ, ವಾರಿಜಾ ಎಲ್ಲಿ ಎಂದು ತೋರಿಸಿದರು. ಮುಂದಿನ ಸಾಲಿನ ಎಂ.ಡಿ. ಒಬ್ಬರು, “ನಿಮ್ಮ ವಯಸ್ಸಿನಲ್ಲಿ ಇದನ್ನೆಲ್ಲ ಹೇಳಿಕೊಳ್ಳುವ ಅಗತ್ಯ ಇತ್ತಾ?” ಎಂದು ಕೇಳಿದರು.

“ಇತ್ತು ಸಾರ್. ನಾನು ಭಾಗ ಒಂದು ಮಾತ್ರ ಕಲಿತು ಒಬ್ಬನ ಹೋಟೆಲು ಮುಚ್ಚಿಸಿದೆ. ಏನೂ ಕಲಿಯದಿದ್ದರೆ ಅದು ತೆರೆದಿರುತ್ತಿತ್ತು. ಭಾಗ ಎರಡು ಸಿಗದಿದ್ದರೆ ಇನ್ನೆಷ್ಟು ಮಂದಿಗೆ ಚುಚ್ಚುತ್ತಿದ್ದೆನೋ. ಭಾಗ ಮೂರರಲ್ಲಿ ಎಂತ ಉಂಟೋ ನನಗೆ ಗೊತ್ತಿಲ್ಲ. ಆ ಹೆದರಿಕೆಯಿಂದ ಬರುವುದು.”

ಈ ಸಲ ಚಪ್ಪಾಳೆ ಬೀಳಲಿಲ್ಲ. ಕಾಫಿಯ ಹೊತ್ತಿಗೆ ಮಾತ್ರ ಉಡುಪಿಯ ಒಬ್ಬರು, ಮಟ್ಟುವಿನ ಕಡೆಯ ಒಬ್ಬರು, ಕಾರ್ಕಳದ ಇಬ್ಬರು ಬೇರೆಬೇರೆಯಾಗಿ ಬಂದು, ತಗ್ಗಿದ ದನಿಯಲ್ಲಿ, ಎಂಟು ಸಿರಿಂಜು ಎಲ್ಲಿ ತರಿಸಿದಿರಿ ಎಂದು ವಿಳಾಸ ಬರೆದುಕೊಂಡರು. ಡುಲ್ಸಿನ್ ಗೋಳಿಬಜೆಯ ತಟ್ಟೆಯನ್ನು ಅವರ ಮುಂದೆ ತಂದಿಟ್ಟಳು. ನಾಲ್ಕನ್ನೂ ತಿಂದರು.

ಆಮೇಲೆ 1969ರವರೆಗೆ ಅವರು ಒಂದು ಪಾಠವನ್ನೂ ತಪ್ಪಿಸಲಿಲ್ಲ. ಸ್ವಂತ ಮಗಳ ರೋಸನ್ನೇ ಸೋಮವಾರಕ್ಕೆ ಹಾಕಿಸಿದರು. ನೆಂಟರು ಗೊಣಗಿದರು, ಸಕ್ಕರೆ ಹಾಕಿದ ಹಾಲು ಕೊಟ್ಟು ಸುಮ್ಮನಾಗಿಸಿದರು. ಕ್ಲಿನಿಕ್ಕಿನ ಕಪಾಟಿನಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು ಒಂದಿದ್ದದ್ದು ಎರಡಾಯಿತು. ಖಾಲಿ ಪುಟ ಒಂದೂ ಇರಲಿಲ್ಲ.

ಆದರೆ ನಾನು ಹೇಳಬೇಕೆಂದಿದ್ದದ್ದು ಆ ಮೇ ಭಾನುವಾರದ ಸಂಜೆಯನ್ನು. ಬಸ್ಸಿಳಿದಾಗ ಕಾಪುವಿನಲ್ಲಿ ಇನ್ನೂ ಬೆಳಕಿತ್ತು. ಹೋಟೆಲಿನ ಬೆಂಚು ತುಂಬಿತ್ತು. ಡಾಕ್ಟರು ನೋಟ್‌ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ತಲೆತಗ್ಗಿಸಿ ಎದುರುಬದಿಯಿಂದ ಮನೆಯ ಕಡೆಗೆ ನಡೆದರು. ಆಗ ಹೊಗೆಯ ಒಳಗಿನಿಂದ, ಐದು ತಿಂಗಳಿಂದ ಕೇಳದಿದ್ದ ಆ ಹಳೆಯ ಕೂಗು ಕೇಳಿತು:

“ಎಂತ ಡಾಕ್ಟ್ರೇ, ಈ ಸಲವಾದ್ರೂ ಪಾಸಾಯ್ತಾ?”

ಡಾಕ್ಟರು ನಿಂತರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು.

“ಎಂತ ಗೊತ್ತುಂಟು ಮಾರಾಯ,” ಎಂದರು, “ಬರುವ ತಿಂಗಳು ಪುನಃ ಬರ್ಲಿಕ್ಕೆ ಹೇಳಿದ್ದಾರೆ.”